ವಿಚಾರಣೆಯಿಂದ ಮೇಲ್ವಿಚಾರಣೆಗೆ

ರೈಲು ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಆಕೆ ಇಪ್ಪತ್ತೆರಡು ವರ್ಷ ಕೂತಿದ್ದಳು. ಗಾಜಿನಲ್ಲಿ ಅಂಗೈ ಅಗಲದ ಒಂದು ತೂತು, ತೂತಿನಾಚೆ ಒಂದು ಬಾಯಿ, ಬಾಯಿಯ ಹಿಂದೆ ಉದ್ದನೆಯ ಸಾಲು. "ಹತ್ತೂವರೆ ಗಾಡಿ..." ಎಂದು ಆ ಬಾಯಿ ಶುರು ಮಾಡಿದ್ದೇ ತಡ, "ಮೂರನೇ ಪ್ಲಾಟ್‌ಫಾರ್ಮ್, ನಲವತ್ತು ನಿಮಿಷ ತಡ, ಮುಂದಿನವರು" ಎಂದು ಒಳಗಿಂದ ಉತ್ತರ ಬಂದುಬಿಡುತ್ತಿತ್ತು. ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳುವುದೆಂದರೆ ಸಾಲಿನಲ್ಲಿ ನಿಂತ ಉಳಿದವರಿಗೆ ಮಾಡುವ ಅನ್ಯಾಯ ಎಂದೇ ಅವಳು ತಿಳಿದಿದ್ದಳು.

ಅವಳ ನಲವತ್ತೈದನೇ ವಯಸ್ಸಿನಲ್ಲಿ ಆ ಕಿಟಕಿ ಮುಚ್ಚಿತು. ಅದರ ಜಾಗಕ್ಕೆ ಬೆರಳಿಟ್ಟರೆ ಉತ್ತರ ಕೊಡುವ ಒಂದು ಪರದೆ ಬಂತು. ಪಾರ್ಸಲ್ ವಿಭಾಗಕ್ಕೆ ಹೋಗಿ, ಇಲ್ಲವೇ ಸ್ವಯಂ ನಿವೃತ್ತಿ ತಗೊಳ್ಳಿ ಎಂದು ಮೇಲಿನವರು ಹೇಳಿದರು. ಪಾರ್ಸಲ್‌ಗಳು ಯಾರನ್ನೂ ಏನೂ ಕೇಳುವುದಿಲ್ಲ. ಅವಳು ನಿವೃತ್ತಿ ತೆಗೆದುಕೊಂಡಳು.

ಮನೆಯಲ್ಲಿ ಕೂತ ಮೇಲೆ ಒಬ್ಬ ಮನುಷ್ಯ ಪದೇ ಪದೇ ನೆನಪಿಗೆ ಬರತೊಡಗಿದ. ಆರು ತಿಂಗಳು ಪ್ರತಿ ಶುಕ್ರವಾರ ಬಂದು ಒಂದೇ ಗಾಡಿಯ ಸಮಯ ಕೇಳುತ್ತಿದ್ದವನು, ಒಂದು ದಿನವೂ ಆ ಗಾಡಿ ಹತ್ತಿದವನಲ್ಲ. ಇಪ್ಪತ್ತಾರು ಶುಕ್ರವಾರವೂ ಅವಳು ಸಮಯವನ್ನು ನಿಮಿಷದ ಸಮೇತ ಸರಿಯಾಗಿ ಹೇಳಿದ್ದಳು. ಯಾಕೆ ಕೇಳ್ತೀರಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೆಲಸದಲ್ಲಿದ್ದಾಗಲೇ ದೂರಶಿಕ್ಷಣದಲ್ಲಿ ಪದವಿ ಮಾಡುವಾಗ ಮನಃಶಾಸ್ತ್ರ ಓದಿದ್ದಳು. ಆ ಅಂಕಪಟ್ಟಿಯನ್ನು ಟ್ರಂಕಿನ ತಳದಿಂದ ಹುಡುಕಿ ತೆಗೆದು ಅದೇ ವಿಷಯದ ಎಂ.ಎ.ಗೆ ಅರ್ಜಿ ಹಾಕಿದಳು.

ತರಗತಿಯಲ್ಲಿ ಉಳಿದವರೆಲ್ಲ ಅವಳ ಅರ್ಧ ವಯಸ್ಸಿನವರು. ಎರಡೇ ವಾರದಲ್ಲಿ ಅವಳಿಗೆ "ವಿಚಾರಣೆ ಅಕ್ಕ" ಎಂಬ ಹೆಸರು ಬಿತ್ತು. ಗ್ರಂಥಾಲಯ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಯಾವ ನೀರಿನ ಯಂತ್ರ ಕೆಟ್ಟಿದೆ, ಯಾವ ಗುಮಾಸ್ತರು ಊಟಕ್ಕೆ ಹೋದರೆ ಮರಳಿ ಬರುವುದಿಲ್ಲ, ಎಲ್ಲದಕ್ಕೂ ಅಕ್ಕನಲ್ಲಿ ಉತ್ತರ ಸಿದ್ಧ. ಪರೀಕ್ಷೆಗಳಲ್ಲಿ ಒಳ್ಳೆಯ ಅಂಕಗಳೇ ಬಂದವು. ಪರೀಕ್ಷೆ ಎಂದರೂ ಪ್ರಶ್ನೆಗೆ ಉತ್ತರ ಕೊಡುವುದೇ ತಾನೆ?

ಕಷ್ಟ ಶುರುವಾದದ್ದು ಎರಡನೇ ವರ್ಷ. ಆ ವರ್ಷ ಪ್ರತಿ ವಿದ್ಯಾರ್ಥಿಯೂ ವಿಶ್ವವಿದ್ಯಾಲಯದ ಚಿಕಿತ್ಸಾ ಕೇಂದ್ರದಲ್ಲಿ ನೂರಿಪ್ಪತ್ತು ಗಂಟೆ ನಿಜವಾದ ಜನರ ಎದುರು ಕೂತು ಮನೋಚಿಕಿತ್ಸೆ ಮಾಡಬೇಕು. ಬಂದವರ ಲಿಖಿತ ಒಪ್ಪಿಗೆ ಪಡೆದು ಮಾತುಕತೆಯನ್ನೆಲ್ಲ ಧ್ವನಿಮುದ್ರಿಸಬೇಕು. ವಾರಕ್ಕೊಮ್ಮೆ ಮೇಲ್ವಿಚಾರಕರ ಜೊತೆ ಕೂತು ಆ ಧ್ವನಿಯನ್ನು ಕೇಳಬೇಕು, ಅಂದರೆ ತನ್ನ ದಡ್ಡತನವನ್ನು ತನ್ನ ಕಿವಿಯಿಂದಲೇ ಕೇಳಬೇಕು.

"ವಿಚಾರಣೆಯಿಂದ ಮೇಲ್ವಿಚಾರಣೆಗೆ ಬಡ್ತಿ ಸಿಕ್ಕಿತು ಬಿಡು," ಎಂದ ಗಂಡ. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಅವನು ತಿಂಗಳಿಗೊಂದು ಜೋಕು ಮಾಡುವವನು. ಆ ತಿಂಗಳಿನದು ಅದಾಯಿತು.

ಅಕ್ಕನಿಗೆ ಸಿಕ್ಕಿದ ಮೇಲ್ವಿಚಾರಕಿ ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವರು. ಕತ್ತರಿಸಿದ ಕೂದಲು, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲು, ಮೇಜಿನ ಮೇಲೆ ಒಂದು ಸ್ಟಾಪ್‌ವಾಚು. ಯಾರು ಏನೇ ಹೇಳಲಿ, ಮುಖವನ್ನು ಒಂದಿಷ್ಟು ಮುಂದೆ ಚಾಚಿ "ಆಮೇಲೆ?" ಎನ್ನುತ್ತಿದ್ದರು. ಹುಡುಗರು ಅವರನ್ನು ಬೆನ್ನ ಹಿಂದೆ "ಆಮೇಲೆ ಮೇಡಂ" ಎನ್ನುತ್ತಿದ್ದರು, ಎದುರಿಗೆ ಬರೀ "ಮೇಡಂ".

ಚಿಕಿತ್ಸಾ ಕೇಂದ್ರ ಹಿಂದೆ ಪ್ರಯೋಗಾಲಯದ ಗಾಜಿನ ಸಾಮಾನು ಇಡುವ ಉಗ್ರಾಣವಾಗಿತ್ತು. ಈಗ ಅದನ್ನು ಪ್ಲೈವುಡ್ಡಿನಿಂದ ಮೂರು ಕೋಣೆ ಮಾಡಿದ್ದರು. ಒಂದೊಂದರಲ್ಲೂ ಎರಡು ಕುರ್ಚಿ, ಒಂದು ಗೋಡೆ ಗಡಿಯಾರ, ಕಣ್ಣೊರೆಸಲು ಕರವಸ್ತ್ರದ ಬದಲಿಗೆ ಟಿಶ್ಯೂ ಕಾಗದದ ಡಬ್ಬಿ. ಒಳಗಿನ ಮಾತು ಹೊರಗೆ ಕೇಳಬಾರದೆಂದು ಬಾಗಿಲಾಚೆ ಒಂದು ಹಳೆಯ ಫ್ಯಾನನ್ನು ಗೊರಗೊರ ಎನ್ನಿಸುತ್ತಾ ಇಟ್ಟಿದ್ದರು. ಆ ಕೋಣೆಗೆ ಅಕ್ಕನ ಮೊದಲನೇ ಗಿರಾಕಿ ಬಂದರು. ಗಿರಾಕಿ ಎನ್ನಬಾರದು ಎಂದು ಮೇಡಂ ಆಮೇಲೆ ತಿದ್ದಿದರು.

ಬಂದವರು ಐವತ್ತೆರಡು ವರ್ಷದ ಡ್ರೈವಿಂಗ್ ಮೇಷ್ಟ್ರು. ಹತ್ತೊಂಬತ್ತು ವರ್ಷದಿಂದ ಜನಕ್ಕೆ ಕಾರು ಕಲಿಸುತ್ತಿದ್ದವರು. ಗಟ್ಟಿ ಮೈಕಟ್ಟು, ಮೆತ್ತನೆಯ ದನಿ. ಕುರ್ಚಿಯಲ್ಲಿ ಕೂತವರೇ, "ಮೇಡಂ, ನನ್ನ ಬಲಗಾಲಿಗೆ ಏನೋ..." ಎಂದರು.

"ಮೂಳೆ ವಿಭಾಗ ಎದುರಿನ ಕಟ್ಟಡ, ಎರಡನೇ ಮಹಡಿ, ಎಡಗಡೆ," ಎಂದಳು ಅಕ್ಕ.

"ಅಲ್ಲಿಂದಲೇ ಇಲ್ಲಿಗೆ ಕಳ್ಸಿದ್ದು."

"ಓ. ಹೇಳಿ."

ಮೇಷ್ಟ್ರು ಹೇಳಿದರು. ಕಲಿಸುವ ಕಾರಿನಲ್ಲಿ ಮೇಷ್ಟ್ರು ಕೂರುವ ಕಡೆಗೂ ಒಂದು ಬ್ರೇಕು ಇರುತ್ತದೆ, ಕಲಿಯುವವರು ತಪ್ಪಿದರೆ ಇವರು ಒತ್ತಬೇಕು. ಈಗ ಮೂರು ತಿಂಗಳಿಂದ ಆ ಕಾಲು ಕಾರಿನ ಹೊರಗೂ ಒತ್ತುತ್ತಿದೆ. ಸಿನಿಮಾ ನೋಡುವಾಗ ಮುಂದಿನ ಸೀಟಿಗೆ ಒದೆ ಬೀಳುತ್ತದೆ. ಕ್ಷೌರಕ್ಕೆ ಕೂತರೆ ಕ್ಷೌರಿಕ ಕತ್ತಿ ಹಿಡಿದು ಹಿಂದಕ್ಕೆ ಹಾರುತ್ತಾನೆ. ಮಲಗಿದರೆ ಹೊದಿಕೆ ಹರಿಯುತ್ತದೆ. ಇದನ್ನು ಹೇಳುತ್ತಿರುವಾಗಲೇ ಕಾಲು ಎರಡು ಸಲ ಧಪ್ ಧಪ್ ಎಂದು ನೆಲ ಒತ್ತಿತು. ಮೇಷ್ಟ್ರು ಅದನ್ನು ಬೇರೆಯವರ ಮಗುವಿನ ತುಂಟತನ ನೋಡುವ ಹಾಗೆ ನೋಡಿದರು.

ಅಕ್ಕನಿಗೆ ಖುಷಿಯೋ ಖುಷಿ. ಇಷ್ಟು ಸ್ಪಷ್ಟವಾದ ಪ್ರಶ್ನೆ ಕಿಟಕಿಯಲ್ಲೂ ಬಂದಿರಲಿಲ್ಲ. ಬೆಳಿಗ್ಗೆ ನಡೆಯಿರಿ, ಮಲಗುವ ಮೊದಲು ಬಿಸಿನೀರಿನಲ್ಲಿ ಕಾಲಿಡಿ, ಎರಡು ವಾರ ರಜೆ ಹಾಕಿ, ಕಾಫಿ ಬಿಡಿ, ಮೆತ್ತನೆ ಚಪ್ಪಲಿ ಹಾಕಿ, ಕಾಲಿನ ಮೇಲೆ ಕಾಲು ಹಾಕಿ ಕೂರಿ, ಅದಕ್ಕೂ ಬಗ್ಗದಿದ್ದರೆ ಕಚೇರಿಯೊಳಗಿನ ಕೆಲಸ ನೋಡಿಕೊಳ್ಳಿ. ಮೇಷ್ಟ್ರು ವಿಧೇಯ ಮನುಷ್ಯ. ಜೇಬಿನಿಂದ ಪೆನ್ನು ತೆಗೆದು ಏಳನ್ನೂ ಚೀಟಿಯ ಹಿಂದೆ ಬರೆದುಕೊಂಡರು. ಹೊರಡುವಾಗ ಅಕ್ಕನಿಗೆ "ಮುಂದಿನವರು" ಎನ್ನುವುದೊಂದು ಬಾಕಿ ಇತ್ತು, ಅದನ್ನು ಮಾತ್ರ ಹೇಗೋ ನುಂಗಿಕೊಂಡಳು.

ಮೇಲ್ವಿಚಾರಣೆಯ ದಿನ ಅಕ್ಕ ಶಾಭಾಸ್‌ಗಿರಿ ಕಾಯುತ್ತಾ ಕೂತಳು. ಮೇಡಂ ಧ್ವನಿಮುದ್ರಣವನ್ನು ಮೊದಲಿಂದ ಕೊನೆಯವರೆಗೂ ಕೇಳಿ, ಸ್ಟಾಪ್‌ವಾಚು ನೋಡಿದರು.

"ಐವತ್ತು ನಿಮಿಷ. ಅವರು ಮಾತಾಡಿದ್ದು ಹನ್ನೊಂದು."

"ಪಾಪ, ಮಾತು ಕಡಿಮೆ ಅವರದು."

ಮೇಡಂ ಧ್ವನಿಯನ್ನು ಹಿಂದಕ್ಕೆ ಓಡಿಸಿ ಒಂದು ಕಡೆ ನಿಲ್ಲಿಸಿ ಹಾಕಿದರು. ಮೇಷ್ಟ್ರ ದನಿ: "ಮೂರು ತಿಂಗಳ ಹಿಂದೆ, ಆ ಟೆಸ್ಟಿನ ದಿನ ನಾನು..." ಅದರ ಮೇಲೆ ಹತ್ತಿ ಬಂದ ಅಕ್ಕನ ದನಿ: "ಬೆಳಿಗ್ಗೆ ಅರ್ಧ ಗಂಟೆ ನಡೀರಿ!"

"ಆ ಟೆಸ್ಟಿನ ದಿನ ಏನಾಯ್ತು?" ಎಂದು ಕೇಳಿದರು ಮೇಡಂ.

ಅಕ್ಕ ಬಾಯಿ ತೆರೆದಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ಬಾಯಲ್ಲಿ ಬಂದಿರದ ಮಾತು ಆಚೆ ಬಂತು. "ಗೊತ್ತಿಲ್ಲ."

"ಇಷ್ಟು ಅವಸರ ಯಾಕೆ ಅಕ್ಕಾ?"

"ಹಿಂದೆ ಜನ ಕಾಯ್ತಿರ್ತಾರಲ್ಲ ಮೇಡಂ."

"ಎಲ್ಲಿ?"

ಅಕ್ಕ ನಿಜವಾಗಿಯೂ ತಿರುಗಿ ನೋಡಿದಳು. ಹಿಂದೆ ಒಂದು ಪುಸ್ತಕದ ಕಪಾಟು, ಒಂದು ಕೊಡೆ. ಅವಳಿಗೆ ನಗು ಬಂತು, ಅದರ ಹಿಂದೆಯೇ ಯಾಕೋ ಕಣ್ಣು ಒದ್ದೆಯಾಯಿತು. ಮೇಡಂ ಕಾಗದದ ಡಬ್ಬಿ ಮುಂದೆ ತಳ್ಳಿದರು. ಆ ವಾರಕ್ಕೆ ಕೊಟ್ಟ ಕೆಲಸ ಒಂದೇ: ಸಲಹೆ ಕೊಡಕೂಡದು.

ಅಕ್ಕ ಅಭ್ಯಾಸವನ್ನು ಮನೆಯಿಂದಲೇ ಶುರು ಮಾಡಿದಳು. ಮೊದಲು ಸಿಕ್ಕಿದವರು ಅತ್ತೆ. ಎಪ್ಪತ್ತೆಂಟು ವರ್ಷ, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಹಾಲ್‌ನ ನಡುವೆ ಮಂಚ ಹಾಕಿಸಿಕೊಂಡು ಮನೆಯ ಎಲ್ಲ ಬಾಗಿಲುಗಳ ಮೇಲೂ ಕಣ್ಣಿಟ್ಟವರು.

"ಸೊಸೆ, ಇವತ್ತು ಅಡುಗೆ ಏನು?"

"ಅಡುಗೆ ಏನು ಅನ್ನೋ ಯೋಚನೆ ನಿಮ್ಮನ್ನ ಕಾಡ್ತಾ ಇದೆ ಅಲ್ವಾ ಅತ್ತೆ?"

"ಕಾಡ್ತಿಲ್ಲ. ಹಸಿವಾಗ್ತಿದೆ."

"ಹಸಿವಾದಾಗ ನಿಮಗೆ ಹೇಗನ್ಸುತ್ತೆ?"

ಅತ್ತೆ ಸೊಸೆಯ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದರು. ಆಮೇಲೆ ಕನ್ನಡಕದ ಅಂಗಡಿಗೆ ಫೋನ್ ಮಾಡಿ, "ಮಗಾ, ಇವಳಿಗೆ ಓದು ನೆತ್ತಿಗೇರಿದೆ. ಬರುವಾಗ ಹೊರಗಿಂದ ಏನಾದ್ರೂ ಕಟ್ಟಿಸ್ಕೊಂಡು ಬಾ," ಎಂದರು.

ಎರಡನೇ ಭೇಟಿಗೆ ಮೇಷ್ಟ್ರು ಬಂದಾಗ ಅಕ್ಕ ಬಾಯಿಗೆ ಬೀಗ ಜಡಿದುಕೊಂಡೇ ಕೂತಿದ್ದಳು. ನಮಸ್ಕಾರಕ್ಕೆ ತಲೆ ಅಲ್ಲಾಡಿಸಿದಳು. "ನಡೆಯೋಕೆ ಹೋಗ್ತಿದ್ದೀನಿ, ಕಾಲು ಹಾಗೇ ಇದೆ," ಎಂದರು ಮೇಷ್ಟ್ರು. ಅಕ್ಕ ತಲೆಯಾಡಿಸಿದಳು. "ಕಾಫಿನೂ ಬಿಟ್ಟೆ." ತಲೆಯಾಡಿಸಿದಳು. "ತಲೆ ನೋಯ್ತಿದೆ." ಅದಕ್ಕೂ ತಲೆಯಾಡಿಸಿದಳು. ಅಲ್ಲಿಗೆ ಮೇಷ್ಟ್ರ ಹತ್ತಿರ ಇದ್ದ ಮಾತು ಮುಗಿಯಿತು. ಗಡಿಯಾರದ ಸದ್ದು, ಫ್ಯಾನಿನ ಗೊರಗೊರ, ನಡುವೆ ಕಾಲಿನ ಧಪ್. ಅಕ್ಕನ ಗಂಟಲಲ್ಲಿ ಹದಿನಾಲ್ಕು ಸಲಹೆಗಳು ಒಟ್ಟಿಗೆ ನಿಂತು ತಳ್ಳಾಡುತ್ತಿದ್ದವು. ಅವಳ ಮುಖ ಕೆಂಪಾಯಿತು, ಹಣೆಯಲ್ಲಿ ಬೆವರು ಹನಿಯಿತು.

ಇಪ್ಪತ್ತು ನಿಮಿಷ ಇದನ್ನು ನೋಡಿದ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ನೀರು ತಂದರು. "ಕುಡೀರಿ ಮೇಡಂ. ಉಸಿರು ನಿಧಾನಕ್ಕೆ ತಗೊಳ್ಳಿ. ಮೊದಲ ಸಲ ಕಾರು ಮುಟ್ಟಿದೋರಿಗೂ ಹೀಗೇ ಆಗುತ್ತೆ. ಗಾಬರಿ ಬೇಡ, ನಾನಿದ್ದೀನಿ." ಉಳಿದ ಅರ್ಧ ಗಂಟೆ ಅವರು ಅಕ್ಕನಿಗೆ ಧೈರ್ಯ ಹೇಳಿದರು. ಹೋಗುವಾಗ ಬಂದದ್ದಕ್ಕಿಂತ ಎಷ್ಟೋ ಗೆಲುವಾಗಿದ್ದರು.

ಮೇಡಂ ಈ ಸಲ ಧ್ವನಿಮುದ್ರಣ ಕೇಳುವಾಗ ಪೆನ್ಸಿಲನ್ನು ಕಿವಿಯಿಂದ ತೆಗೆದು ಬಾಯಲ್ಲಿ ಕಚ್ಚಿಕೊಂಡಿದ್ದರು. ನಗು ತಡೆಯಲು ಎಂದು ಅಕ್ಕನಿಗೆ ಅರ್ಥವಾಯಿತು.

"ಚಿಕಿತ್ಸೆ ಚೆನ್ನಾಗಿ ನಡೆದಿದೆ," ಎಂದರು ಕೊನೆಗೆ. "ಕುರ್ಚಿ ಅದಲುಬದಲಾಗಿದೆ ಅಷ್ಟೆ."

"ನೀವೇ ಮಾತಾಡಬೇಡಿ ಅಂದ್ರಿ."

"ಸಲಹೆ ಬೇಡ ಅಂದೆ. ಅವರ ಬಗ್ಗೆ ಕುತೂಹಲ ಬೇಡ ಅಂದ್ನಾ? ಆ ದಿನ ಏನಾಯ್ತು ಅಂತ ನಿಮಗೆ ತಿಳ್ಕೊಬೇಕು ಅನಿಸಲೇ ಇಲ್ವಾ?"

ಅಕ್ಕನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ತಡೆಹಿಡಿದ ಹದಿನಾಲ್ಕು ಉತ್ತರಗಳ ಗಲಾಟೆಯಲ್ಲಿ ಆ ಒಂದು ಪ್ರಶ್ನೆಯನ್ನು ಅವಳು ಮರೆತೇಬಿಟ್ಟಿದ್ದಳು.

ಮನೆಗೆ ಹೋಗುವ ದಾರಿಯಲ್ಲಿ ಗಂಡನ ಅಂಗಡಿಗೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕುಸಿದಳು. ಅಂಗಡಿಯಲ್ಲಿ ಒಬ್ಬ ಮುದುಕರ ಕಣ್ಣಿಗೆ ಗಂಡ ಒಂದೊಂದೇ ಗಾಜು ಹಾಕಿ ತೆಗೆಯುತ್ತಿದ್ದ. "ಈಗ? ಇದು ಮೇಲಾ, ಮುಂಚಿನದು ಮೇಲಾ? ಇನ್ನೊಂದು ಸಲ ನೋಡಿ." ಮುದುಕರು ಕೆಳಗಿನ ಸಾಲಿನಲ್ಲಿ ತಡವರಿಸುತ್ತಿದ್ದರು. ಅದು ಯಾವ ಅಕ್ಷರವೆಂದು ಅಕ್ಕನಿಗೆ ಸ್ಟೂಲಿನಿಂದಲೇ ಕಾಣುತ್ತಿತ್ತು. ತಡೆಯಲಾರದೆ ಹೇಳಿಯೂಬಿಟ್ಟಳು.

ಮುದುಕರು ಹೋದ ಮೇಲೆ ಗಂಡ ಗಾಜುಗಳನ್ನು ಒರೆಸುತ್ತಾ ಹೇಳಿದ: "ನೀನು ಅಕ್ಷರ ಹೇಳ್ಕೊಟ್ರೆ ಅವರಿಗೆ ನನ್ನ ಗೋಡೆ ಮೇಲಿನ ಬೋರ್ಡು ಬಾಯಿಪಾಠ ಆಗುತ್ತೆ. ರಸ್ತೆಗೆ ಹೋದ್ಮೇಲೆ ಬಸ್ಸಿನ ಬೋರ್ಡು ಓದೋರು ಯಾರು?"

"ಅವರು ತಡವರಿಸೋದು ನೋಡಿದ್ರೆ ನಿಮಗೆ ಏನೂ ಅನ್ಸಲ್ವೇನ್ರೀ?"

"ಅನ್ಸುತ್ತೆ. ಅದಕ್ಕೇ ಇನ್ನೊಂದು ಗಾಜು ಹಾಕಿ ಕೇಳ್ತೀನಿ."

ಜೋಕಿನ ಕೋಟಾ ಮುಗಿದಿದ್ದರಿಂದ ಇದು ಜೋಕಲ್ಲ ಎಂದು ಅಕ್ಕ ಗಂಭೀರವಾಗಿ ತೆಗೆದುಕೊಂಡಳು.

ಮೂರನೇ ಭೇಟಿ ಕನ್ನಡಿ ಕೋಣೆಯಲ್ಲಿ. ಒಳಗಿನವರಿಗೆ ಅದು ಕನ್ನಡಿ, ಹಿಂದೆ ಕತ್ತಲೆಯಲ್ಲಿ ಕೂತ ಮೇಡಂ ಮತ್ತು ಸಹಪಾಠಿಗಳಿಗೆ ಅದು ಕಿಟಕಿ. ಮೇಷ್ಟ್ರಿಗೆ ಎಲ್ಲ ವಿವರಿಸಿ ಮೊದಲೇ ಒಪ್ಪಿಗೆ ಪಡೆದಿದ್ದರು. "ನಂಗೂ ಕಲಿಯೋರನ್ನ ಪಕ್ಕದಲ್ಲಿ ಕೂತು ನೋಡಿ ಅಭ್ಯಾಸ, ನೋಡ್ಲಿ ಬಿಡಿ," ಎಂದು ಸಹಿ ಹಾಕಿದ್ದರು. ಕೋಣೆಯಲ್ಲಿ ಒಂದು ಫೋನು ಇತ್ತು. ನಡುವೆ ಏನಾದರೂ ಸೂಚನೆ ಕೊಡಬೇಕೆನಿಸಿದರೆ ಮೇಡಂ ಹಿಂದಿನಿಂದ ಕರೆ ಮಾಡುತ್ತಾರೆ.

ಅಕ್ಕ ಎಚ್ಚರಿಕೆಯಿಂದ ಶುರು ಮಾಡಿದಳು. ಕಾಲು ಯಾವಾಗ ಒತ್ತುತ್ತೆ, ಎಷ್ಟು ಸಲ, ಎಡಗಾಲು ಆಗ ಏನು ಮಾಡುತ್ತೆ? ಮೇಷ್ಟ್ರು ಉತ್ತರ ಕೊಡುತ್ತಾ ಹೋದರು. ಹತ್ತು ನಿಮಿಷದಲ್ಲಿ ಇಬ್ಬರೂ ಸೇರಿ ಕಾಲಿನ ವೇಳಾಪಟ್ಟಿಯನ್ನೇ ತಯಾರಿಸಿದ್ದರು. ಆಗ ಫೋನು ಹೊಡೆದುಕೊಂಡಿತು. ಅಕ್ಕ ಬೆಚ್ಚಿ, ರಿಸೀವರ್ ಎತ್ತಿ, ಇಪ್ಪತ್ತೆರಡು ವರ್ಷದ ರಾಗದಲ್ಲಿ ಹೇಳಿದಳು:

"ನಮಸ್ಕಾರ, ವಿಚಾರಣೆ!"

ಕನ್ನಡಿಯ ಹಿಂದೆ ಹನ್ನೆರಡು ಮಂದಿ ಒಟ್ಟಿಗೆ ನಕ್ಕರು. ನಡುವೆ ಇದ್ದದ್ದು ಪ್ಲೈವುಡ್ಡು. ಕನ್ನಡಿಯೇ ನಕ್ಕ ಹಾಗೆ ಕೋಣೆಯೆಲ್ಲ ಅದುರಿತು. "ಕಾಲು ಬಿಟ್ಟು ಆ ದಿನದ ಬಗ್ಗೆ ಕೇಳಿ," ಎಂದು ಮೇಡಂ ಆ ಕಡೆಯಿಂದ ಉಸಿರು ಕಟ್ಟಿ ಹೇಳಿ ಇಟ್ಟುಬಿಟ್ಟರು. ಅಕ್ಕ ರಿಸೀವರ್ ಹಿಡಿದು ಹಾಗೇ ಕೂತಳು. ಭೂಮಿ ಬಾಯಿ ಬಿಡಲಿ ಎನಿಸಿತ್ತು.

ಮೇಷ್ಟ್ರು ಕಣ್ಣರಳಿಸಿ ನೋಡುತ್ತಿದ್ದರು. "ಸ್ಟೇಷನ್ನಿನ ಕಿಟಕಿ! ಅದಕ್ಕೇ ಈ ದನಿ ಎಲ್ಲೋ ಕೇಳಿದೀನಿ ಅನ್ನಿಸ್ತಿತ್ತು. ಅದು ನೀವೇನಾ?"

"ನಾನೇ," ಎಂದಳು ಅಕ್ಕ, ಸಣ್ಣ ದನಿಯಲ್ಲಿ.

"ನೀವು ನಂಗೊಂದ್ಸಲ ತಪ್ಪು ಪ್ಲಾಟ್‌ಫಾರ್ಮ್ ಹೇಳಿದ್ರಿ."

"ಹೌದಾ? ತಪ್ಪಾಯ್ತು, ಕ್ಷಮಿಸಿ."

"ಅಯ್ಯೋ, ಗಾಡಿ ತಡ ಇತ್ತು, ಸಿಕ್ತು ಬಿಡಿ." ಮೇಷ್ಟ್ರು ನಕ್ಕರು. ನಗು ಮುಗಿದ ಮೇಲೆ ಅವರ ಮುಖ ನಿಧಾನವಾಗಿ ಬದಲಾಯಿತು. "ಎಷ್ಟು ಸಲೀಸಾಗಿ ಹೇಳ್ಬಿಟ್ರಿ ಮೇಡಂ, ತಪ್ಪಾಯ್ತು ಅಂತ. ಏನಾಯ್ತು, ಯಾವಾಗ, ಒಂದೂ ಕೇಳಲಿಲ್ಲ."

ಅಕ್ಕನಿಗೆ ಹಿಂದೆ ಯಾರೂ ಕಾಯುತ್ತಿಲ್ಲ ಎನ್ನುವುದು ಆ ಗಳಿಗೆಯಲ್ಲಿ ಮೈಗೇ ಗೊತ್ತಾಯಿತು. ಹೆಗಲು ಇಳಿಯಿತು. "ಆ ಟೆಸ್ಟಿನ ದಿನ ಅಂತ ಮೊದಲನೇ ಸಲ ಏನೋ ಹೇಳೋಕೆ ಹೊರಟಿದ್ರಿ," ಎಂದಳು. "ನಾನು ಬಾಯಿ ಹಾಕಿ ಕೆಡಿಸಿದೆ. ಈಗ ಹೇಳ್ತೀರಾ?"

ಕಾಲು ಒಂದು ಸಲ ಜೋರಾಗಿ ಒತ್ತಿತು. ಮೇಷ್ಟ್ರು ಎರಡು ಕೈಯಿಂದಲೂ ಮಂಡಿ ಹಿಡಿದುಕೊಂಡರು.

ಹತ್ತೊಂಬತ್ತು ವರ್ಷ ಊರಿಗೆಲ್ಲ ಕಲಿಸಿದವರು ಕಳೆದ ವರ್ಷ ಹೆಂಡತಿಗೆ ಕಲಿಸಲು ಕೂತಿದ್ದರು. ಅವಳಾಗಿಯೇ ಕೇಳಿದ್ದಳು. ಒಳ್ಳೆಯ ಕೈ ಅವಳದು, ಹೆದರಿಕೆ ಇಲ್ಲ. ಎಂಟು ತಿಂಗಳು ಕಲಿತಳು. ಟೆಸ್ಟಿನ ದಿನ ಅಧಿಕಾರಿ ಹಿಂದಿನ ಸೀಟಿನಲ್ಲಿ, ಮೇಷ್ಟ್ರು ಪಕ್ಕದಲ್ಲಿ. ಎಲ್ಲ ಸರಿಯಾಗಿ ಮಾಡಿದಳು. ಕೊನೆಯ ತಿರುವಿನಲ್ಲಿ ರಸ್ತೆ ಖಾಲಿ, ಎದುರಿಗೆ ಒಂದು ಸೈಕಲ್ಲೂ ಇಲ್ಲ. ಅಲ್ಲಿ ಗಾಡಿ ಗಕ್ಕನೆ ನಿಂತು ಆರಿಹೋಯಿತು. ಅಧಿಕಾರಿ ತಲೆ ಅಲ್ಲಾಡಿಸಿ ಫಾರಂ ಮಡಚಿದರು.

"ಅವಳು ಎಲ್ಲರಿಗೂ ಹೇಳ್ಕೊಂಡು ನಕ್ಕಳು, ನನ್ನ ಕಾಲು ನಡುಗಿಬಿಡ್ತು ಅಂತ. ಅಲ್ಲಿಂದ ಕಾರಿನ ಹತ್ತಿರಾನೂ ಬಂದಿಲ್ಲ, ಎಲ್ಲಿಗೆ ಹೋದ್ರೂ ನಡ್ಕೊಂಡೇ ಹೋಗ್ತಾಳೆ." ಮೇಷ್ಟ್ರು ನೆಲ ನೋಡುತ್ತಿದ್ದರು. "ಅವಳ ಕಾಲು ನಡುಗಲಿಲ್ಲ ಮೇಡಂ. ಒತ್ತಿದ್ದು ನಾನು."



ಅಕ್ಕನ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು: ಮನೆಗೆ ಹೋಗಿ ಹೆಂಡತಿಗೆ ಹೇಳಿ. ನಾಲ್ಕೇ ಪದ, ಸರಿಯಾದ ಪ್ಲಾಟ್‌ಫಾರ್ಮು. ಅವಳು ಅದನ್ನು ಹಲ್ಲಿನ ಹಿಂದೆ ಹಿಡಿದಿಟ್ಟುಕೊಂಡು ಆ ಮನುಷ್ಯನ ಮುಖ ನೋಡಿದಳು. ಈ ಉತ್ತರ ಅವರಿಗೆ ಗೊತ್ತಿಲ್ಲದೇ ಇಲ್ಲ. ಮೂರು ತಿಂಗಳಿಂದ ಗೊತ್ತಿದೆ.

"ಒತ್ತಿದಾಗ ಏನನ್ನಿಸ್ತು?" ಎಂದಳು.

ಮೇಷ್ಟ್ರು ತುಂಬಾ ಹೊತ್ತು ಯೋಚಿಸಿದರು. ಈ ಸಲದ ಮೌನದಲ್ಲಿ ಯಾರಿಗೂ ನೀರು ಬೇಕಾಗಲಿಲ್ಲ.

"ಇವಳಿಗೆ ಬಂದುಬಿಡ್ತು ಅನ್ನಿಸ್ತು. ಇನ್ನು ನಾನು ಪಕ್ಕದಲ್ಲಿ ಕೂರೋದು ಬೇಕಾಗಿಲ್ಲ ಅನ್ನಿಸ್ತು." ಅವರ ಕಣ್ಣಲ್ಲಿ ನೀರು ಬಂತು. ಆಗಲೇ ಕಾಲು ಇನ್ನೊಂದು ಸಲ ಧಪ್ ಎಂದಿತು. "ಇದೊಂದು," ಎಂದು ಅಳುತ್ತಲೇ ಕಾಲನ್ನು ಬೈದರು.

ಅಲ್ಲಿಗೆ ಎಲ್ಲ ಸುಖಾಂತ್ಯವಾಗಲಿಲ್ಲ. ಮುಂದಿನ ಎರಡು ಭೇಟಿಯಲ್ಲೂ ಮೇಷ್ಟ್ರು, "ಹೇಳ್ಲಾ ಬೇಡ್ವಾ, ನೀವೇ ಹೇಳಿ," ಎಂದು ಜೀವ ತಿಂದರು. ಹೇಳಿದರೆ ಏನಾಗಬಹುದು, ಹೇಳದಿದ್ದರೆ ಏನಾಗುತ್ತಿದೆ ಎಂದು ಅಕ್ಕ ಒಂದೊಂದೇ ಗಾಜು ಹಾಕಿ ತೆಗೆದಳು. ಮೇಷ್ಟ್ರಿಗೆ ಸಿಟ್ಟೇ ಬಂತು.

"ಮೊದಲನೇ ದಿನ ಎಷ್ಟು ಚೆನ್ನಾಗಿ ಪಟಪಟ ಅಂತ ಹೇಳ್ತಿದ್ರಿ! ಇಲ್ಲಿ ಕಲಿತು ಕೆಟ್ಟುಹೋದ್ರಿ ನೀವು."

ಈ ಮಾತನ್ನು ಮೇಡಂ ಧ್ವನಿಮುದ್ರಣದಲ್ಲಿ ಮೂರು ಸಲ ಹಾಕಿ ಕೇಳಿದರು. ಅಕ್ಕ ಇಡೀ ವರ್ಷದಲ್ಲಿ ಪಡೆದ ಶಾಭಾಸ್‌ಗಿರಿ ಅದೊಂದೇ, ಅದೂ ಬೈಗುಳದ ರೂಪದಲ್ಲಿ.

ಎರಡು ವಾರ ಬಿಟ್ಟು ಆರನೇ ಭೇಟಿಗೆ ಮೇಷ್ಟ್ರು ಬಂದಾಗ ಗಡ್ಡ ಬಿಟ್ಟಿದ್ದರು. ಹೇಳಿಬಿಟ್ಟಿದ್ದರಂತೆ, ತರಕಾರಿ ಹೆಚ್ಚುತ್ತಿದ್ದ ಹೆಂಡತಿಯ ಎದುರು ನಿಂತು, ಒಂದೇ ಉಸಿರಿನಲ್ಲಿ. ಅವಳು ಚಾಕು ಕೆಳಗಿಟ್ಟು, ಕೈ ತೊಳೆದು, ಪಕ್ಕದ ಬೀದಿಯ ತಂಗಿಯ ಮನೆಗೆ ನಡೆದುಕೊಂಡು ಹೋದಳು. ಒಂಬತ್ತು ದಿನ ಮಾತಿಲ್ಲ. ಹತ್ತನೇ ದಿನ ವಾಪಸು ಬಂದು, ಬ್ಯಾಗು ಇಟ್ಟು, ಎದುರಿನ ಪೈಪೋಟಿ ಡ್ರೈವಿಂಗ್ ಶಾಲೆಗೆ ತಾನು ಸೇರಿರುವುದಾಗಿ ತಿಳಿಸಿದಳು.

"ಅವನು ನನ್ನ ಹತ್ತಿರಾನೇ ಕಲಿತವನು ಮೇಡಂ! ಹಿಮ್ಮುಖ ಪಾರ್ಕಿಂಗ್ ಈಗ್ಲೂ ಸರಿಯಾಗಿ ಬರಲ್ಲ ಅವನಿಗೆ!"

"ಅವರು ಅಲ್ಲಿಗೆ ಸೇರಿದ್ದು ನಿಮಗೆ..."

"ಹೊಟ್ಟೆ ಉರೀತು. ಆಮೇಲೆ ರಾತ್ರಿ ಊಟಕ್ಕೆ ಕೂತಾಗ ಅವಳು ಉಪ್ಪು ಕೊಡಿ ಅಂದ್ಲು. ಒಂಬತ್ತು ದಿನ ಆದ್ಮೇಲೆ. ನಾನು ಉಪ್ಪು ಕೊಟ್ಟೆ." ಮೇಷ್ಟ್ರು ಎರಡೂ ಕೈ ಮುಂದೆ ಚಾಚಿ ತೋರಿಸಿ, "ಇಡೀ ಡಬ್ಬೀನೇ ಕೊಟ್ಬಿಟ್ಟೆ," ಎಂದರು.

ಹೆಂಡತಿ ಎರಡು ತಿಂಗಳಲ್ಲಿ ಪಾಸಾದಳು. ಈಗ ಭಾನುವಾರ ಅವಳೇ ಕಾರು ಓಡಿಸುತ್ತಾಳೆ, ತಂಗಿ ಮುಂದಿನ ಸೀಟು, ಮೇಷ್ಟ್ರು ಹಿಂದಿನ ಸೀಟು. ಕಾಲು ಪೂರ್ತಿ ಗುಣವಾಗಿದೆ ಎನ್ನುವ ಹಾಗಿಲ್ಲ. ಕ್ಷೌರದ ಅಂಗಡಿಯಲ್ಲೂ ಸಿನಿಮಾದಲ್ಲೂ ಶಾಂತವಾಗಿರುತ್ತದೆ, ಹೆಂಡತಿ ಮೂರನೇ ಗೇರಿನಲ್ಲಿ ತಿರುವು ತೆಗೆದಾಗ ಮಾತ್ರ ಒಂದಿಷ್ಟು ಮಿಸುಕುತ್ತದಂತೆ. "ಅದಕ್ಕೆ ಯಾರಿಗಾದ್ರೂ ಮಿಸುಕುತ್ತೆ ಮೇಡಂ, ಅದು ಕಾಯಿಲೆ ಅಲ್ಲ," ಎಂದು ಕೊನೆಯ ಭೇಟಿಯಲ್ಲಿ ಹೇಳಿ, ಕೈಮುಗಿದು ಹೋದರು.

ವರ್ಷದ ಕೊನೆಯಲ್ಲಿ ಮೇಡಂ ಬರೆದ ಮೌಲ್ಯಮಾಪನದ ಹಾಳೆಯಲ್ಲಿ ಹೀಗಿತ್ತು: "ಮಾತು ಹತೋಟಿಗೆ ಬಂದಿದೆ. ಮುಖ ಇನ್ನೂ ಸಲಹೆ ಕೊಡುತ್ತದೆ. ಹೆಚ್ಚುವರಿ ಇಪ್ಪತ್ತು ಗಂಟೆ." ಅಕ್ಕ ಆ ಇಪ್ಪತ್ತನ್ನೂ ಮುಗಿಸಿದಳು. ಅದರಲ್ಲಿ ಬಂದ ಒಬ್ಬ ಹುಡುಗಿ ಎರಡನೇ ಭೇಟಿಗೇ ಬರುವುದು ನಿಲ್ಲಿಸಿದಳು. ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಅಕ್ಕ ಅದನ್ನು ಕುರಿತು ಮೇಡಂ ಎದುರು ಒಂದು ಗಂಟೆ ಪೂರ್ತಿ ಮಾತಾಡಿದಳು, ಮೇಡಂ ನಾಲ್ಕು ಸಲ "ಆಮೇಲೆ?" ಎಂದರು. ಕೊನೆಗೆ ಇಬ್ಬರೂ ಸುಮ್ಮನೆ ಚಹಾ ಕುಡಿದರು.

ಈಗ ಅಕ್ಕ ಒಂದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ವಾರಕ್ಕೆ ಮೂರು ದಿನ ಕೂರುತ್ತಾಳೆ. ಕಿಟಕಿ ಇಲ್ಲದ ಕೋಣೆ, ಒಂದು ಕುರ್ಚಿಯ ಕಾಲಿನಡಿ ಮಡಚಿದ ರಟ್ಟು. ಕೆಲಸ ಸಿಕ್ಕಿದ ತಿಂಗಳಲ್ಲಿ ಒಂದು ಸಂಜೆ ಅತ್ತೆ ಮಂಚದಿಂದಲೇ ಕರೆದರು.

"ನೋಡಮ್ಮ, ನಂಗೂ ಒಂದು ದಿನ ಟೈಮ್ ಕೊಡು. ಮನೇಲಿ ಬೇಡ, ಆಸ್ಪತ್ರೇಲಿ. ಕುರ್ಚಿ ಹಾಕ್ಕೊಂಡು."

"ಮನೆಯವರನ್ನ ನಾನು ನೋಡೋ ಹಾಗಿಲ್ಲ ಅತ್ತೆ."

"ಯಾಕೆ, ನಾನೇನು ಮನುಷ್ಯಳಲ್ವಾ?"

ಏನು ವಿಷಯ, ಯಾರಾದ್ರೂ ಏನಾದ್ರೂ ಅಂದ್ರಾ, ಮೈಗೆ ಹುಷಾರಿಲ್ವಾ ಎಂದು ಮೂರು ಪ್ರಶ್ನೆ ಅಕ್ಕನ ಗಂಟಲಿಗೆ ಒಟ್ಟಿಗೇ ಬಂದವು. ಅವಳು ಒಂದನ್ನೂ ಕೇಳಲಿಲ್ಲ. ಮೇಡಂಗೆ ಫೋನ್ ಮಾಡಿ, ಊರಿನ ಇನ್ನೊಂದು ತುದಿಯಲ್ಲಿರುವ ಹಿರಿಯ ಚಿಕಿತ್ಸಕರೊಬ್ಬರ ವಿಳಾಸ ತೆಗೆದುಕೊಂಡು ಚೀಟಿಯಲ್ಲಿ ಬರೆದು ಕೊಟ್ಟಳು. ಅತ್ತೆ ಎಂಟು ಗುರುವಾರ ಮಗನ ಸ್ಕೂಟರಿನ ಹಿಂದೆ ಕೂತು ಅಲ್ಲಿಗೆ ಹೋಗಿಬಂದರು. ಮಗ ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದ. ಒಳಗೆ ಏನು ಮಾತಾಯಿತು ಎಂಬುದನ್ನು ಅವರು ಮಗನಿಗೂ ಹೇಳಲಿಲ್ಲ, ಸೊಸೆಗೂ ಹೇಳಲಿಲ್ಲ.

ಒಂಬತ್ತನೇ ವಾರ, ಹಾಲ್‌ನಲ್ಲಿದ್ದ ತಮ್ಮ ಮಂಚವನ್ನು ಮನೆಯ ಒಂದು ಬಾಗಿಲೂ ಕಾಣದ, ಹಿಂದಿನ ರಸ್ತೆ ಮಾತ್ರ ಕಾಣುವ ಕೋಣೆಗೆ ಹಾಕಿಸಿಕೊಂಡರು. ಅಕ್ಕನೂ ಗಂಡನೂ ಎರಡು ತುದಿ ಹಿಡಿದು ಸಾಗಿಸಿದರು. ಅತ್ತೆ ಬಾಗಿಲಲ್ಲಿ ನಿಂತು, "ಎಡಕ್ಕೆ, ಇನ್ನೂ ಎಡಕ್ಕೆ, ಗೋಡೆಗೆ ತಾಗುತ್ತೆ ನೋಡ್ಕೊಂಡು," ಎನ್ನುತ್ತಿದ್ದರು.